ಹುಲಿಯೋ, ಮನುಷ್ಯನೋ? ನಮ್ಮ ಭಾಗದ ಹೆಸರಿಲ್ಲದ ಒಂದು ಕಲೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಿ ಎಂದು ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಶಾಸನವೂ ಅಲ್ಲ, ರಾಜರೂ ಅಲ್ಲ. ಎಂಟನೆಯ ತರಗತಿಯಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮಾಸ್ತರರು ಕೇಳಿದ ಒಂದು ಪ್ರಶ್ನೆ. ಅಂದು ಅವರು ಇಷ್ಟವಾದ ಪ್ರಾಣಿಯ ಚಿತ್ರ ಬರೆಯಲು ಹೇಳಿದ್ದರು. ನಾನು ಹುಲಿ ಬರೆದೆ. ಆದರೆ ನನ್ನ ಹುಲಿ ಎರಡು ಕಾಲಿನ ಮೇಲೆ ನಿಂತಿತ್ತು, ಹೆಗಲಿಗೆ ಪಾಟಿಚೀಲ ಹಾಕಿಕೊಂಡಿತ್ತು. ಮಾಸ್ತರರು ಹಾಳೆಯನ್ನು ಎತ್ತಿ ನೋಡಿ, ನಗುತ್ತಾ ಕೇಳಿದರು: "ಇದು ಹುಲಿ ಏನಪಾ, ಮನಷ್ಯಾ ಏನಪಾ?" ನಾನು, "ಎರಡೂ ರೀ ಸರ್" ಅಂದೆ. "ಎರಡೂ ಅಂದ್ರ ಹೆಂಗ? ವಿಚಾರ ಮಾಡಿ ಹೇಳು" ಅಂದರು. ಅಂದು ಉತ್ತರ ಹೊಳೆಯಲಿಲ್ಲ. ಮುಂದೆ ನಾನೂ ಇತಿಹಾಸ ಹೇಳುವ ಮಾಸ್ತರನಾಗಿ, ನಿವೃತ್ತನೂ ಆದೆ. ಈಗ ಸಾವಕಾಶವಾಗಿ ಆ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ.

ಆ ಚಿತ್ರ ನನ್ನ ತಲೆಗೆ ಬಂದದ್ದು ಎಲ್ಲಿಂದ ಎಂಬುದನ್ನು ಮೊದಲು ಹೇಳಬೇಕು. ಚಿಕ್ಕವನಿದ್ದಾಗ ನನಗೆ ಒಮ್ಮೆ ವಿಷಮಜ್ವರ ಬಂದು ಬಹಳ ದಿನ ಹಾಸಿಗೆ ಹಿಡಿದಿದ್ದೆ. ಅವ್ವ ಮೊಹರಂ ಹಬ್ಬದಲ್ಲಿ ನನಗೆ ಹುಲಿವೇಷ ಹಾಕಿಸುತ್ತೇನೆಂದು ಅಲಾಯಿ ದೇವರಿಗೆ ಹರಕೆ ಹೊತ್ತಳು. ನಮ್ಮ ಭಾಗದಲ್ಲಿ ಈ ಹಬ್ಬಕ್ಕೆ ಜಾತಿ ಮತದ ಗೆರೆ ಇಲ್ಲವೆಂಬುದು ನಿಮಗೆಲ್ಲ ಗೊತ್ತೇ ಇದೆ. ಮೈಗೆ ಹಳದಿ ಬಣ್ಣ ಬಳಿದು ಕರಿ ಪಟ್ಟೆ ಎಳೆದರು. ಬಟ್ಟೆ ಸುತ್ತಿದ ಬಾಲ ಕಟ್ಟಿದರು. ಬಣ್ಣ ಒಣಗಿದಂತೆ ಮೈ ಬಿಗಿಯುತ್ತಿತ್ತು, ಕೂರುವಂತಿಲ್ಲ, ಕೆರೆದುಕೊಳ್ಳುವಂತಿಲ್ಲ. ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾ ಓಣಿ ಓಣಿ ತಿರುಗಿದೆ. ನಮ್ಮ ಮನೆಯ ಮುಂದೆ ಬಂದಾಗ ನಮ್ಮ ಆಯಿ ಹೊರಗೆ ಬಂದು ನನಗೆ ಕೈಮುಗಿದು, "ಹುಲಿಯಪ್ಪಾ, ನಮ್ಮ ಹುಡುಗನ್ನ ಕಾಯಪಾ" ಅಂದಳು. ಆಮೇಲೆ ಹತ್ತಿರ ಬಂದು ಕಿವಿಯಲ್ಲಿ, "ಹಸಿವಾಗೇತೇನೋ? ರೊಟ್ಟಿ ಇಟ್ಟೀನಿ" ಅಂದಳು.

ಆಯಿಗೆ ನಾನು ಮೊಮ್ಮಗನೆಂದು ಗೊತ್ತಿತ್ತು. ಆದರೂ ಆ ಗಳಿಗೆಯಲ್ಲಿ ನಾನು ಅವಳಿಗೆ ಹುಲಿಯೂ ಆಗಿದ್ದೆ. ಒಂದನ್ನು ನಂಬಲು ಇನ್ನೊಂದನ್ನು ಅವಳು ಮರೆಯಬೇಕಾಗಿರಲಿಲ್ಲ. ನಾನು ಹೇಳಹೊರಟಿರುವ ಕಲೆಯ ಲಕ್ಷಣವೇ ಇದು. ಇದನ್ನು ನಾನು 'ಮನುಷ್ಯಭಾವದ ಪ್ರಾಣಿಕಲೆ' ಎಂದು ಕರೆಯುತ್ತೇನೆ. ಇದಕ್ಕಿಂತ ಚೆಂದದ ಹೆಸರು ಹೊಳೆದವರು ಹೇಳಲಿ, ಸಂತೋಷದಿಂದ ಒಪ್ಪುತ್ತೇನೆ.

ಯಾವುದು ಈ ಕಲೆ ಅಲ್ಲ ಎಂಬುದನ್ನು ಮೊದಲು ನೋಡೋಣ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹಲವು ಸಲ ಹೋಗಿದ್ದೇನೆ. ಅಲ್ಲಿಯ ಬೃಹತ್ ಶಿಲಾಯುಗದ ಕಲ್ಗೋರಿಗಳ ಜೊತೆಗೆ ಬಂಡೆಗಳ ಮೇಲೆ ಕೆಂಪು ಬಣ್ಣದ ಚಿತ್ರಗಳೂ ಇವೆ. ನಾನು ಕಂಡ ಆ ಚಿತ್ರಗಳಲ್ಲಿ ಪ್ರಾಣಿ ಪ್ರಾಣಿಯೇ, ಮನುಷ್ಯ ಮನುಷ್ಯನೇ. ಅದು ಪ್ರಾಣಿಚಿತ್ರ, ಒಳ್ಳೆಯ ಪ್ರಾಣಿಚಿತ್ರ. ಶಿವನ ಗುಡಿಯ ನಂದಿಗೆ ಗೆಜ್ಜೆ, ಸರ, ಜೂಲು ಎಲ್ಲ ಇರುತ್ತವೆ. ಆದರೆ ನಂದಿ ಎತ್ತಿನ ಹಾಗೆಯೇ ಕಾಲು ಮಡಚಿ ಮಲಗಿರುತ್ತಾನೆ. ಕಾರಹುಣ್ಣಿಮೆಗೆ ನಾವು ಎತ್ತು ಸಿಂಗರಿಸಿದಂತೆ ಅದು. ಒಡವೆ ವಸ್ತ್ರ ತೊಡಿಸಿದ ಮಾತ್ರಕ್ಕೆ ಪ್ರಾಣಿಯಲ್ಲಿ ಮನುಷ್ಯಭಾವ ಬರುವುದಿಲ್ಲ.

ಹಾಗಾದರೆ ಅದು ಬರುವುದು ಯಾವಾಗ? ನದಿಯಾಚೆ ಹಂಪಿಗೆ ಹೋದರೆ ಉತ್ತರ ಒಂದೇ ಕಲ್ಲಿನಲ್ಲಿ ಸಿಗುತ್ತದೆ. ಕೋದಂಡರಾಮ ಗುಡಿಯ ಹತ್ತಿರ ಯಂತ್ರೋದ್ಧಾರಕ ಆಂಜನೇಯನಿದ್ದಾನೆ. ವ್ಯಾಸರಾಜರು ಪ್ರತಿಷ್ಠಾಪಿಸಿದರೆಂದು ಪರಂಪರೆ ಹೇಳುತ್ತದೆ. ನಡುವೆ ಆರು ಮೂಲೆಯ ಯಂತ್ರದಲ್ಲಿ ಆಂಜನೇಯ ಪದ್ಮಾಸನ ಹಾಕಿ ಧ್ಯಾನಕ್ಕೆ ಕೂತಿದ್ದಾನೆ. ಸುತ್ತಲೂ ಹನ್ನೆರಡು ಕೋತಿಗಳು ಒಂದರ ಬಾಲವನ್ನು ಒಂದು ಹಿಡಿದು ಸುತ್ತುಗಟ್ಟಿವೆ. ಸುತ್ತಲಿನವು ಬರಿಯ ಕೋತಿಗಳು. ನಡುವಿನವನದೂ ಅದೇ ಮುಖ, ಆದರೆ ಅವನು ಕೋತಿಯಲ್ಲ. ವ್ಯತ್ಯಾಸ ಮಾಡಿದ್ದು ಮುಖವಲ್ಲ, ಕೂತ ರೀತಿ. ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಮನುಷ್ಯನ ಕೆಲಸ. ಆ ಕೆಲಸವನ್ನು ಪ್ರಾಣಿಯ ಮೈಗೆ ಕೊಟ್ಟಾಗ ಈ ಕಲೆ ಹುಟ್ಟುತ್ತದೆ.

ಇದರ ತಿರುವೂ ಉಂಟು. ಲಂಕೆಯಲ್ಲಿ ರಾವಣ ಆಸನ ಕೊಡದಿದ್ದಾಗ ಹನುಮಂತ ತನ್ನ ಬಾಲವನ್ನೇ ಸುರುಳಿ ಸುತ್ತಿ ಸಿಂಹಾಸನದಷ್ಟು ಎತ್ತರ ಮಾಡಿಕೊಂಡು ಕೂತ ಕಥೆಯನ್ನು ನಾವೆಲ್ಲ ತೊಗಲುಗೊಂಬೆಯಾಟದಲ್ಲೋ ಅಜ್ಜಿಯ ಬಾಯಲ್ಲೋ ಕೇಳಿದ್ದೇವೆ. ಬಾಲ ಇಲ್ಲಿ ಮಾನ ಕಾಯುವ ಕೆಲಸ ಮಾಡುತ್ತದೆ. ಬಾಲವನ್ನು ತೆಗೆದುಹಾಕಿದರೆ ಕಥೆ ಬಿತ್ತು. ಮಾನದ ಪ್ರಶ್ನೆಯನ್ನು ತೆಗೆದರೂ ಬಿತ್ತು.

ಆದ್ದರಿಂದ ನನ್ನ ವ್ಯಾಖ್ಯೆ ಇಷ್ಟು. ಒಂದು, ನೋಡುವವನಿಗೆ ಪ್ರಾಣಿಯೂ ಮನುಷ್ಯನೂ ಒಟ್ಟಿಗೇ ಕಾಣಬೇಕು. ಎರಡು, ಅವುಗಳಲ್ಲಿ ಯಾವುದನ್ನು ತೆಗೆದರೂ ಕೃತಿಯ ಅರ್ಥ ಕೆಡಬೇಕು. ಈ ಎರಡು ಮಾತಿಗೆ ಒಪ್ಪುವುದೆಲ್ಲ, ಕಲ್ಲಾಗಲಿ, ಕಟ್ಟಿಗೆಯಾಗಲಿ, ತೊಗಲಾಗಲಿ, ಮೈಮೇಲಿನ ಬಣ್ಣವಾಗಲಿ, ಒಂದೇ ಕಲಾಪ್ರಕಾರ.

ಇಲ್ಲಿ ಕೆಲವರಿಗೆ ಬೇಸರವಾಗಬಹುದು. ನರಸಿಂಹಸ್ವಾಮಿಯನ್ನೂ ಹುಲಿವೇಷವನ್ನೂ ಒಂದೇ ಸಾಲಿನಲ್ಲಿ ಕೂರಿಸುವುದೇ ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದ್ದಾರೆ. ಭಕ್ತಿಯಲ್ಲಿ ಅವು ಒಂದೇ ಅಲ್ಲ, ನಿಜ. ಆದರೆ ಉಳಿ ಹಿಡಿದವನ ಕಷ್ಟವನ್ನು ವಿಚಾರ ಮಾಡಿ. ಹಂಪಿಯ ಲಕ್ಷ್ಮೀನರಸಿಂಹ 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದದ್ದು, ಸುಮಾರು 6.7 ಮೀಟರ್ ಎತ್ತರ. ಸಿಂಹದ ತಲೆಯನ್ನು ಮನುಷ್ಯನ ಹೆಗಲಿಗೆ ಜೋಡಿಸುವುದು ಹೇಗೆ? ಸ್ವಲ್ಪ ತಪ್ಪಿದರೂ ತಲೆ ಬೇರೆ, ಮೈ ಬೇರೆ ಕಾಣುತ್ತದೆ. ಆ ಶಿಲ್ಪಿ ಕೇಸರವನ್ನು ಹೆಗಲವರೆಗೆ ಇಳಿಸಿ, ಎದೆಯ ಮೇಲೆ ಹಾರಗಳನ್ನು ಹಾಕಿ ಆ ಜೋಡಣೆಯನ್ನೇ ಅಂದವಾಗಿಸಿದ. ನಮ್ಮ ಓಣಿಯಲ್ಲಿ ನನಗೆ ವೇಷ ಕಟ್ಟಿದವನೂ ಕುತ್ತಿಗೆಯ ಹತ್ತಿರವೇ ಬಹಳ ಹೊತ್ತು ಕೂತಿದ್ದ. ನನ್ನ ವಿದ್ಯಾರ್ಥಿಗಳಿಗೆ ನಾನು ಯಾವಾಗಲೂ ಹೇಳುತ್ತಿದ್ದೆ: ಇಂಥ ಕೃತಿ ಕಂಡರೆ ಮುಖ ಆಮೇಲೆ ನೋಡಿ, ಮೊದಲು ಕುತ್ತಿಗೆ ನೋಡಿ.

ಈ ಕಲೆಯಲ್ಲಿ ನಾಲ್ಕು ಕವಲುಗಳನ್ನು ಗುರುತಿಸಬಹುದು. ಮೊದಲನೆಯದು ದೇವರ ಕವಲು: ನರಸಿಂಹ, ಗಣಪತಿ, ಆಂಜನೇಯ, ಗರುಡ. ಎರಡನೆಯದು ಕಥೆಯ ಕವಲು. ಕಲ್ಯಾಣ ಚಾಲುಕ್ಯರ ಜಯಸಿಂಹನ ಆಸ್ಥಾನದಲ್ಲಿದ್ದ ದುರ್ಗಸಿಂಹ 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅದೇ ಶತಮಾನದ ಬಳ್ಳಿಗಾವಿಯ ತ್ರಿಪುರಾಂತಕ ಗುಡಿಯಲ್ಲಿ ಪಂಚತಂತ್ರದ ಕಥೆಗಳನ್ನು ಕಲ್ಲಿನಲ್ಲಿ ಕಡೆದರು. ಇಲ್ಲಿ ಪ್ರಾಣಿಯ ಮೈ ಬದಲಾಗುವುದಿಲ್ಲ, ಬುದ್ಧಿ ಮಾತ್ರ ಮನುಷ್ಯನದು. ಮೂರನೆಯದು ಗೊಂಬೆಯ ಕವಲು: ಕಿನ್ನಾಳದ ಕಟ್ಟಿಗೆಯ ಗೊಂಬೆ ಮತ್ತು ಕಿಳ್ಳೇಕ್ಯಾತರ ತೊಗಲುಗೊಂಬೆ. ನಾಲ್ಕನೆಯದು ವೇಷದ ಕವಲು. ಅಲ್ಲಿ ಮನುಷ್ಯನ ಮೈಯೇ ಹಾಳೆ.

ಇದು ನಮ್ಮದು ಮಾತ್ರವೇ? ಅಲ್ಲ. ಜರ್ಮನಿಯ ಒಂದು ಗವಿಯಲ್ಲಿ 1939ರಲ್ಲಿ ದಂತದ ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ಸಿಂಹದ ತಲೆ, ಮನುಷ್ಯನ ಮೈ, ಸುಮಾರು 31 ಸೆಂಟಿಮೀಟರ್ ಎತ್ತರ. ಅದಕ್ಕೆ ಸುಮಾರು 40,000 ವರ್ಷ. ಮನುಷ್ಯ ಬೇಸಾಯ ಕಲಿಯುವ ಎಷ್ಟೋ ಮೊದಲೇ ಈ ಕಲೆಯನ್ನು ಕಲಿತಿದ್ದ. ಜಪಾನಿನ ಕ್ಯೋಟೋದ ಒಂದು ಬೌದ್ಧ ಮಠಕ್ಕೆ ಸೇರಿದ ಹಳೆಯ ಚಿತ್ರಸುರುಳಿಯಲ್ಲಿ ಮೊಲವೂ ಕಪ್ಪೆಯೂ ಕುಸ್ತಿ ಹಿಡಿಯುತ್ತವೆ. ನಮ್ಮ ಪಂಚತಂತ್ರದ ಕರಟಕ ದಮನಕರೆಂಬ ನರಿಗಳು ಪರ್ಷಿಯಾ ದಾಟಿ ಎಂಟನೆಯ ಶತಮಾನದಲ್ಲಿ ಅರಬ್ಬಿ ಭಾಷೆಯಲ್ಲಿ ಕಲೀಲ, ದಿಮ್ನ ಎಂಬ ಹೆಸರು ಪಡೆದವು. ಕೊನೆಗೆ 1928ರಲ್ಲಿ ಅಮೆರಿಕದ ಒಂದು ಇಲಿ ಚಡ್ಡಿ ಹಾಕಿಕೊಂಡು ಸಿನಿಮಾಕ್ಕೆ ಬಂತು.

ಆ ಇಲಿಯಿಂದಲೇ ನನ್ನ ಚಿಂತೆ ಶುರುವಾಯಿತು. ಸೇವೆಯ ಕೊನೆಯ ವರ್ಷಗಳಲ್ಲಿ ಒಂದು ತರಗತಿಗೆ, ಮನುಷ್ಯರಂತೆ ನಡೆಯುವ ಪ್ರಾಣಿಯ ಚಿತ್ರ ಬರೆಯಿರಿ ಎಂದೆ. ಹೆಚ್ಚುಕಡಿಮೆ ಎಲ್ಲರೂ ಮೊಬೈಲಿನಲ್ಲಿ ಕಂಡ ಕಾರ್ಟೂನು ಬರೆದರು. ಚೆನ್ನಾಗಿಯೇ ಬರೆದಿದ್ದರು. ಆದರೆ ಕಿನ್ನಾಳದ ಗೊಂಬೆ ನೋಡಿದ್ದೀರೇನು ಎಂದರೆ ಎದ್ದ ಕೈಗಳು ಮೂರು. ಕಿನ್ನಾಳ ಕೊಪ್ಪಳದ ಮಗ್ಗುಲಲ್ಲೇ ಇದೆ. ಅಲ್ಲಿಯ ಚಿತ್ರಗಾರ ಮನೆತನದವರು ಹಗುರ ಕಟ್ಟಿಗೆಯ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಸೆಣಬಿನ ಪುಡಿ ಮತ್ತು ಕಟ್ಟಿಗೆಯ ಹೊಟ್ಟು ಕಲಸಿ ಮೈ ತುಂಬಿ, ಬಟ್ಟೆ ಅಂಟಿಸಿ, ಮೇಲೆ ಬಣ್ಣ ಹಾಕುತ್ತಾರೆ. ಆ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಮ್ಮದೇ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ 96 ವರ್ಷ. ದಿಲ್ಲಿಗೆ ಗೊತ್ತಾದದ್ದು ಹುಲಿಗಿಯ ಮಕ್ಕಳಿಗೆ ಗೊತ್ತಾಗದಿದ್ದರೆ ತಪ್ಪು ಮಕ್ಕಳದಲ್ಲ.

ಹೆಸರಿಲ್ಲದ ವಸ್ತು ಕೈತಪ್ಪುವುದು ಸುಲಭ. ನರಸಿಂಹನನ್ನು ಗುಡಿಗೆ ಬಿಟ್ಟೆವು, ಕಿನ್ನಾಳದ್ದನ್ನು ಆಟಿಗೆ ಸಾಮಾನು ಅಂದೆವು, ತೊಗಲುಗೊಂಬೆಯನ್ನು ಹಳೆಯ ಮನರಂಜನೆ ಅಂದೆವು, ಹುಲಿವೇಷವನ್ನು ಹರಕೆ ಅಂದೆವು. ಎಲ್ಲವೂ ನಿಜ. ಆದರೆ ಇವೆಲ್ಲ ಒಂದೇ ಬಳಗದವು ಎಂದು ಹೇಳಲು ನಮ್ಮಲ್ಲಿ ಒಂದು ಪದವಿರಲಿಲ್ಲ. ಹಾಗಾಗಿ ಚಿತ್ರಕಲೆಯ ತರಗತಿಯಲ್ಲಿ ಇವಕ್ಕೆ ಜಾಗವೂ ಸಿಗಲಿಲ್ಲ. ವ್ಯಾಖ್ಯೆ ಮಾಡುವುದು ಪಂಡಿತರ ಕಾಲಹರಣವಲ್ಲ. ಮನೆಯ ಮಂದಿಯನ್ನು ಒಂದೇ ಪಡಿತರ ಚೀಟಿಯಲ್ಲಿ ಬರೆಸಿದ ಹಾಗೆ.

ಹಳೆಯ ವಿದ್ಯಾರ್ಥಿಗಳಲ್ಲೂ ಊರಿನವರಲ್ಲೂ ನನ್ನದೊಂದು ವಿನಂತಿ. ನಿಮ್ಮ ಅಟ್ಟದಲ್ಲೋ ದೇವರ ಜಗಲಿಯಲ್ಲೋ ಹಳೆಯ ಕಿನ್ನಾಳದ ಗೊಂಬೆ ಇದ್ದರೆ, ಹುಲಿವೇಷ ಹಾಕಿದ ಫೋಟೋ ಇದ್ದರೆ, ಒಂದು ದಿನದ ಮಟ್ಟಿಗೆ ಶಾಲೆಗೆ ತಂದು ಮಕ್ಕಳಿಗೆ ತೋರಿಸಿರಿ. ವೇಷ ಕಟ್ಟುವ ಕೈಗಳು ಊರಿನಲ್ಲಿ ಇನ್ನೂ ಇವೆ. ಅವರನ್ನು ಕರೆಸಿ ಡ್ರಾಯಿಂಗ್ ತರಗತಿಯಲ್ಲಿ ಒಂದು ತಾಸು ಕೂರಿಸಿರಿ.

ನಮ್ಮ ಡ್ರಾಯಿಂಗ್ ಮಾಸ್ತರರು ಈಗ ಇಲ್ಲ. ಇದ್ದಿದ್ದರೆ ಈ ಸಂಚಿಕೆಯನ್ನು ಅವರ ಕೈಗೆ ಕೊಟ್ಟು ಹೇಳುತ್ತಿದ್ದೆ: ಸರ್, ವಿಚಾರ ಮಾಡಿದೆ. ಅದು ಎರಡೂ ಹೌದು. ನಮ್ಮ ಆಯಿಗೆ ಅದು ಅಂದೇ ಗೊತ್ತಿತ್ತು.