ಸ್ಟೇಟಸ್ ಅನ್ನೋ ನೂರು ವರ್ಷದ ಕಥೆ

2025ರ ಏಪ್ರಿಲ್‌ನಲ್ಲಿ, ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದ ಅಕ್ಕನ ಮಗ ಫೋನ್ ಮಾಡಿದ್ದ. "ಮಾಮ, ಬೆಳಗ್ಗೆ ಎದ್ದ ಕೂಡ್ಲೆ ನನ್ನ ಸೆವಿಸ್ ಇನ್ನೂ ಇದೆಯಾ ಅಂತ ಕಾಲೇಜಿಗೆ ಮೇಲ್ ಹಾಕ್ತೀನಿ" ಅಂದ. ಪುಣ್ಯಕ್ಕೆ ಅವನಿಗೇನೂ ಆಗಲಿಲ್ಲ. ಆದರೆ ಈ ಸೆವಿಸ್ ಎಲ್ಲಿಂದ ಬಂತು ಅಂತ ಹುಡುಕಲು ಕೂತ ನನ್ನ ನಿದ್ದೆ ಮಾತ್ರ ಒಂದು ವಾರ ಕೆಟ್ಟಿತು.

ಮೊದಲು ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ವೀಸಾ ಬೇರೆ, ಸ್ಟೇಟಸ್ ಬೇರೆ. ವೀಸಾ ಬಾಗಿಲಲ್ಲಿ ತೋರಿಸೋ ಚೀಟಿ. ಒಳಗೆ ಹೋದಮೇಲೆ ಅದರ ಅವಧಿ ಮುಗಿದರೂ ಪರವಾಗಿಲ್ಲ, ಸ್ಟೇಟಸ್ ಉಳಿಯಬೇಕು. ಪೂರ್ತಿ ಕೋರ್ಸ್ ಓದುತ್ತಿರಬೇಕು, ಅನುಮತಿಯಿಲ್ಲದೆ ದುಡಿಯಬಾರದು.

ಏಷ್ಯಾದವರಿಗೆ ಬಾಗಿಲು ಮುಚ್ಚಿದ 1924ರ ವಲಸೆ ಕಾಯ್ದೆಯೇ ವಿದ್ಯಾರ್ಥಿಗಳಿಗೆ ಒಂದು ಕಿಂಡಿ ಬಿಟ್ಟಿತ್ತು. ಷರತ್ತು ನೋಡಿ: ವಿದ್ಯಾರ್ಥಿ ಓದು ಬಿಟ್ಟರೆ ಕಾಲೇಜು ಸರ್ಕಾರಕ್ಕೆ ತಿಳಿಸಬೇಕು, ಇಲ್ಲದಿದ್ದರೆ ಕಾಲೇಜಿನ ಮಾನ್ಯತೆ ರದ್ದು! ಕಂಪ್ಯೂಟರ್ ಬಂದದ್ದು ಆಮೇಲೆ, ಕಾವಲುಗಾರನ ಕೆಲಸ ಆಗಲೇ ಕಾಲೇಜಿನ ಹೆಗಲಿಗೆ ಬಿದ್ದಿತ್ತು.

1979ರಲ್ಲಿ ಟೆಹರಾನಿನ ಒತ್ತೆಯಾಳು ಪ್ರಕರಣವಾದಾಗ ಇರಾನಿ ವಿದ್ಯಾರ್ಥಿಗಳೆಲ್ಲ ವಲಸೆ ಕಚೇರಿಗೆ ಬಂದು ಕಾಗದ ತೋರಿಸಬೇಕೆಂದು ಆದೇಶವಾಯಿತು. ಕೆಳಗಿನ ಕೋರ್ಟು ಅದನ್ನು ತಳ್ಳಿಹಾಕಿತು, ಅದೇ ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಎತ್ತಿಹಿಡಿಯಿತು. 1993ರಲ್ಲಿ ವರ್ಲ್ಡ್ ಟ್ರೇಡ್ ಸೆಂಟರಿಗೆ ಬಾಂಬಿನ ವ್ಯಾನ್ ಓಡಿಸಿದವನು ಓದು ಬಿಟ್ಟ ವಿದ್ಯಾರ್ಥಿ. ಹಾಗಾಗಿ 1996ರ ಕಾನೂನು ಕಂಪ್ಯೂಟರ್ ದಾಖಲೆ ಬೇಕೆಂದಿತು. ಅದು ಕುಂಟುತ್ತಿರುವಾಗಲೇ 2001ರ ಸೆಪ್ಟೆಂಬರ್ ಬಂತು. 2002ರ ಮಾರ್ಚ್‌ನಲ್ಲಿ, ದಾಳಿಯಾಗಿ ಆರು ತಿಂಗಳಿಗೆ, ಸತ್ತ ಇಬ್ಬರು ದಾಳಿಕೋರರಿಗೆ ವಿದ್ಯಾರ್ಥಿ ಸ್ಟೇಟಸ್ ಮಂಜೂರಾದ ಕಾಗದ ಫ್ಲಾರಿಡಾದ ವಿಮಾನ ಶಾಲೆಗೆ ತಲುಪಿತು. ನಗಬೇಕೋ ಅಳಬೇಕೋ... 2003ರಲ್ಲಿ ಸೆವಿಸ್ ಕಡ್ಡಾಯವಾಯಿತು.

ನನ್ನನ್ನು ತುಂಬಾ ಕಾಡಿದ್ದು 2011ರ ಟ್ರೈ-ವ್ಯಾಲಿ ಪ್ರಕರಣ. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನ ಈ ವಿಶ್ವವಿದ್ಯಾಲಯದ ಸುಮಾರು 1500 ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಭಾರತೀಯರು, ಅದರಲ್ಲೂ ಆಂಧ್ರದವರು. ಅರ್ಧಕ್ಕಿಂತ ಹೆಚ್ಚು ಜನರ ವಿಳಾಸ ಒಂದೇ ಅಪಾರ್ಟ್‌ಮೆಂಟು! ಜನವರಿಯಲ್ಲಿ ದಾಳಿಯಾಗಿ ಸಂಸ್ಥೆ ಮುಚ್ಚಿತು. ಕೆಲವು ಹುಡುಗರ ಕಾಲಿಗೆ ರೇಡಿಯೋ ಪಟ್ಟಿ ಕಟ್ಟಿದರು. ಆಗ ವಿದೇಶಾಂಗ ಸಚಿವರಾಗಿದ್ದವರು ನಮ್ಮ ಎಸ್.ಎಂ. ಕೃಷ್ಣ, ತಾವೇ ಫುಲ್‌ಬ್ರೈಟ್ ಪಡೆದು ಅಮೆರಿಕದಲ್ಲಿ ಓದಿದವರು. ಪಟ್ಟಿ ತೆಗೆಯಿರಿ ಅಂತ ಭಾರತ ಪ್ರತಿಭಟಿಸಿತು. ಸಂಸ್ಥೆ ನಡೆಸಿದಾಕೆಗೆ 2014ರಲ್ಲಿ 16 ವರ್ಷಕ್ಕೂ ಮೀರಿದ ಶಿಕ್ಷೆಯಾಯಿತು. ಕೆಲವು ಹುಡುಗರಿಗೆ ಬೇರೆ ಕಾಲೇಜು ಸಿಕ್ಕಿತು, ಕೆಲವರು ಸಾಲದ ಜೊತೆ ಊರಿಗೆ ಬಂದರು.

ಕಳೆದುಕೊಂಡ ಸ್ಟೇಟಸ್ ಮರಳಿ ಕೇಳಲು ದಾರಿಯಿದೆ. ಸಾಮಾನ್ಯವಾಗಿ ಐದು ತಿಂಗಳೊಳಗೆ ಐ-539 ಅರ್ಜಿ ಹಾಕಬೇಕು. ಕಾಯಿಲೆ, ಕಾಲೇಜು ಮುಚ್ಚಿದ್ದು, ಕಾಲೇಜಿನ ಅಧಿಕಾರಿಯ ತಪ್ಪು, ಹೀಗೆ ಕೈಮೀರಿದ ಕಾರಣ ತೋರಿಸಬೇಕು. ತಿರಸ್ಕಾರವಾದರೆ ಮೇಲ್ಮನವಿ ಇಲ್ಲ.

ಆದರೆ 2025ರಲ್ಲಿ ತಪ್ಪೇ ಮಾಡದವರು ಏನಂತ ಅರ್ಜಿ ಹಾಕೋದು? ಪೊಲೀಸ್ ದಾಖಲೆಗಳ ಜೊತೆ ಹೆಸರು ತಾಳೆ ಹಾಕಿ ಸಾವಿರಾರು ಜನರ ಸೆವಿಸ್ ಕೊನೆಗೊಳಿಸಿದ್ದರು. ವಜಾ ಆದ ಕೇಸು, ಸಂಚಾರ ನಿಯಮದ ತಪ್ಪು, ಎಲ್ಲವೂ ಸಾಕಾಯಿತು. ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಸೆವಿಸ್ ಹೋದರೆ ಸ್ಟೇಟಸ್ ಹೋದಂತಲ್ಲ ಅಂತ ಸರ್ಕಾರಿ ವಕೀಲರೇ ವಾದಿಸಿದ್ದು ವಿಚಿತ್ರ. ಊರೂರಲ್ಲಿ ನ್ಯಾಯಾಧೀಶರು ತಡೆ ಕೊಟ್ಟರು. ಏಪ್ರಿಲ್ 25ರಂದು, ದಾಖಲೆಗಳನ್ನು ಮರಳಿ ಚಾಲ್ತಿಗೆ ತರುತ್ತೇವೆ ಅಂತ ಸರ್ಕಾರ ಕೋರ್ಟಿಗೆ ಹೇಳಿತು.

ಅಕ್ಕ ಮಾತ್ರ ಈಗಲೂ ಫೋನಿನಲ್ಲಿ "ಊಟ ಆಯ್ತಾ" ಅನ್ನೋ ಮೊದಲು "ಸೆವಿಸ್ ಇದೆಯೇನೋ?" ಅಂತಲೇ ಕೇಳೋದು.