ಪುಲಕೇಶಿಯ ಹೆಸರಿನ ನಾಲ್ಕು ಚಿಹ್ನೆಗಳು

ಇಮ್ಮಡಿ ಪುಲಕೇಶಿಯ ಪ್ರಸ್ತಾಪ ಬಂದಾಗಲೆಲ್ಲ ನಾವು ಇಬ್ಬರು ಸಾಕ್ಷಿಗಳನ್ನು ಕರೆಯುತ್ತೇವೆ. ಒಬ್ಬ, ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ 634ರ ಪ್ರಶಸ್ತಿಯನ್ನು ಉಳಿಸಿ ಹೋದ ರವಿಕೀರ್ತಿ. ಇನ್ನೊಬ್ಬ, ಅದಾದ ಏಳೆಂಟು ವರ್ಷಗಳಲ್ಲಿ ಈ ಸೀಮೆಯನ್ನು ಹಾದುಹೋದ ಚೀನೀ ಯಾತ್ರಿಕ. ರವಿಕೀರ್ತಿಯ ಸಂಸ್ಕೃತವನ್ನು ನಮ್ಮ ವಿದ್ವಾಂಸರು ಓದಬಲ್ಲರು, ಪಾಠ ಸಂದಿಗ್ಧವಾದರೆ ಕಲ್ಲಿನ ಮುಂದೆ ನಿಂತು ಮತ್ತೊಮ್ಮೆ ನೋಡಬಲ್ಲರು. ಯಾತ್ರಿಕನ ಮಾತನ್ನಾದರೋ ನಾವು ಕೇಳಿದ್ದು ಬೇರೆಯವರ ಬಾಯಿಂದ. ಅವನ ಹೆಸರನ್ನೇ ನೋಡಿ. ಶಾಲೆಯಲ್ಲಿ ಅವನನ್ನು ಹ್ಯೂಯೆನ್‌ತ್ಸಾಂಗ್ ಎಂದು ಬಾಯಿಪಾಠ ಮಾಡಿದೆ. ಕಾಲೇಜಿಗೆ ಬರುವ ಹೊತ್ತಿಗೆ ಅವನೇ ಯುವಾನ್ ಚ್ವಾಂಗ್ ಆಗಿದ್ದ. ಈಚಿನ ಪುಸ್ತಕಗಳಲ್ಲಿ ಷುವಾನ್‌ಜಾಂಗ್. ಮೊದಲನೆಯದು ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಕಾಗುಣಿತದ ನೆರಳು. ಎರಡನೆಯದು ಇಂಗ್ಲಿಷಿನಲ್ಲಿ ಬರೆದ ಥಾಮಸ್ ವಾಟರ್ಸನದು. ಮೂರನೆಯದು ಇಂದಿನ ಪೀಕಿಂಗಿನ ಉಚ್ಚಾರಕ್ಕೆ ಹತ್ತಿರವಾದದ್ದು. ಇವರು ಮೂವರು ಬೇರೆ ಬೇರೆ ಯಾತ್ರಿಕರೆಂದು ತಿಳಿದು ಉತ್ತರ ಬರೆದ ವಿದ್ಯಾರ್ಥಿಯೊಬ್ಬನಿಗೆ ಅಂಕ ಕಳೆಯಲು ನನಗೆ ಮನಸ್ಸಾಗಲಿಲ್ಲ.

ಕನ್ನಡ ಎಂ.ಎ. ತರಗತಿಗೆ ಶಾಸನದ ಪಾಠ ಹೇಳುತ್ತಿದ್ದ ಕಾಲದಲ್ಲಿ ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಆತ ಪುಲಕೇಶಿ ಅಂತ ಹೇಗೆ ಬರೆದಿದ್ದಾನೆ?” ಎಂದು ಕೇಳಿದ. “ಚೀನೀ ಭಾಷೆಯಲ್ಲಿ ಬರೆದಿದ್ದಾನಪ್ಪ” ಎಂದೆ. ತರಗತಿ ನಕ್ಕಿತು, ಹುಡುಗ ಕುಳಿತುಕೊಂಡ. ಅದು ಉತ್ತರವಲ್ಲವೆಂಬುದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಪ್ರಶ್ನೆ ಅಷ್ಟು ಹಗುರವಾದದ್ದೂ ಅಲ್ಲ. ಶಾಸನಗಳಲ್ಲಿ ಈ ಹೆಸರಿಗೆ ಪುಲಕೇಶಿ, ಪುಲಿಕೇಶಿ, ಪೊಲೆಕೇಶಿ ಎಂಬ ರೂಪಗಳಿವೆ. ಪುಲಿ ಎಂದರೆ ಹುಲಿ ಎಂದು ಹಿಡಿದು ಅರ್ಥ ಹೇಳುವವರು ನಮ್ಮಲ್ಲಿ ಬಹಳ. ರಾಜ್ಯದ ಮೂಲಕ ಹಾದುಹೋದ ಪರದೇಶಿಯ ಕಿವಿಗೆ ಅದು ಹೇಗೆ ಬಿದ್ದಿತ್ತು ಎಂಬುದು ಕೇಳಬೇಕಾದ ಮಾತೇ ಸರಿ.

ಆ ಮಾತು ನಮ್ಮವರೆಗೆ ಬಂದ ದಾರಿಯನ್ನು ಹಿಡಿದು ಹೊರಟರೆ ಮೊದಲು ಪ್ಯಾರಿಸ್ಸಿಗೆ ಹೋಗಬೇಕಾಗುತ್ತದೆ. ಅಲ್ಲಿ ಆಬೆಲ್ ರೆಮ್ಯೂಸಾ ಎಂಬ ತರುಣ ವೈದ್ಯನಿದ್ದ. ಪಾದ್ರಿಯೊಬ್ಬರ ಸಂಗ್ರಹದಲ್ಲಿ ಗಿಡಮೂಲಿಕೆಗಳ ಚಿತ್ರವಿದ್ದ ಚೀನೀ ಗ್ರಂಥವೊಂದು ಅವನ ಕಣ್ಣಿಗೆ ಬಿತ್ತು. ಚಿತ್ರ ತಿಳಿಯುತ್ತಿತ್ತು, ಪಕ್ಕದ ಬರೆಹ ತಿಳಿಯುತ್ತಿರಲಿಲ್ಲ. ಗುರುವಿಲ್ಲದೆ ತಾನೇ ಕಲಿಯಲು ಕುಳಿತ. 1813ರಲ್ಲಿ ನಾಲಗೆಯನ್ನು ನೋಡಿ ರೋಗ ಗುರುತಿಸುವ ಚೀನೀ ಪದ್ಧತಿಯನ್ನು ಕುರಿತು ಲ್ಯಾಟಿನ್ನಿನಲ್ಲಿ ಪ್ರಬಂಧ ಬರೆದು ವೈದ್ಯಪದವಿ ಪಡೆದ. ಮರುವರ್ಷ, 1814ರ ನವೆಂಬರಿನಲ್ಲಿ, ಕೊಲೆಜ್ ದ ಫ್ರಾನ್ಸ್ ಎಂಬ ವಿದ್ಯಾಸಂಸ್ಥೆಯಲ್ಲಿ ಚೀನೀ ಭಾಷಾಸಾಹಿತ್ಯಗಳಿಗಾಗಿ ಒಂದು ಪೀಠ ಏರ್ಪಟ್ಟು ಇಪ್ಪತ್ತಾರರ ಈ ವೈದ್ಯನೇ ಅದರ ಮೊದಲ ಪ್ರಾಧ್ಯಾಪಕನಾದ. ಅದೇ ಸಂದರ್ಭದಲ್ಲಿ, ಅದೇ ಸಂಸ್ಥೆಯಲ್ಲಿ ಸಂಸ್ಕೃತಕ್ಕೂ ಒಂದು ಪೀಠ ಹುಟ್ಟಿತು. ಅದಕ್ಕೆ ಷೆಜಿ ಎಂಬಾತ ಬಂದ. ಸಾವಿರ ವರ್ಷ ಜೊತೆಯಾಗಿ ನಡೆದಿದ್ದ ಎರಡು ಭಾಷೆಗಳು ತಮ್ಮ ನೆಲದಲ್ಲಿ ಒಂದನ್ನೊಂದು ಮರೆತ ಕಾಲದಲ್ಲಿ ಪ್ಯಾರಿಸ್ಸಿನ ಒಂದೇ ಸೂರಿನ ಕೆಳಗೆ ಮತ್ತೆ ನೆರೆಹೊರೆಯಾದವು.

ರೆಮ್ಯೂಸಾ 1832ರಲ್ಲಿ ಕಾಲರಾ ತಗುಲಿ ತೀರಿಕೊಂಡ. ಅವನು ಮಾಡುತ್ತಿದ್ದ ಫಾಹಿಯಾನನ ಪ್ರವಾಸಕಥನದ ಅನುವಾದ 1836ರಲ್ಲಿ, ಅವನ ಮರಣಾನಂತರ, ಹೊರಬಂತು. ಪೀಠಕ್ಕೆ ಬಂದವನು ಶಿಷ್ಯ ಸ್ಟಾನಿಸ್ಲಾಸ್ ಜ್ಯೂಲಿಯೆನ್. ಗುರುಶಿಷ್ಯರಿಬ್ಬರೂ ಚೀನಾದೇಶವನ್ನು ಕಣ್ಣಿಂದ ಕಂಡವರಲ್ಲ. ಜ್ಯೂಲಿಯೆನ್ನನೇ ನಮ್ಮ ಯಾತ್ರಿಕನ ಚರಿತ್ರೆಯನ್ನು 1853ರಲ್ಲಿ, ಪ್ರವಾಸಕಥನವನ್ನು 1857-58ರಲ್ಲಿ ಫ್ರೆಂಚಿಗೆ ತಂದದ್ದು. ಸ್ಯಾಮ್ಯುಯೆಲ್ ಬೀಲ್ ಇಂಗ್ಲಿಷಿನಲ್ಲಿ ಅದನ್ನು ಪ್ರಕಟಿಸಿದ್ದು 1884ರಲ್ಲಿ. ನಮ್ಮ ಪುಸ್ತಕಗಳಿಗೆ ಪುಲಕೇಶಿಯ ಪ್ರಸಂಗ ಬಹುಮಟ್ಟಿಗೆ ಇಳಿದು ಬಂದದ್ದು ಈ ಕಾಲುವೆಯಿಂದ: ಉಪಕಾರಿಗೆ ಪ್ರಾಣ ಕೊಡುವ, ಅಪಕಾರಿಗೆ ಮುನ್ಸೂಚನೆ ಕೊಟ್ಟು ಸೇಡು ತೀರಿಸುವ ಜನ, ಸೋತ ದಂಡನಾಯಕನಿಗೆ ಶಿಕ್ಷೆಗೆ ಬದಲು ಹೆಂಗಸರ ಉಡುಪು, ಯುದ್ಧಕ್ಕೆ ಮುನ್ನ ಮದ್ಯ ಕುಡಿಸಿದ ಆನೆಗಳು, ಉತ್ತರದ ಹರ್ಷನಿಗೆ ಮಣಿಯದ ಕ್ಷತ್ರಿಯ ಅರಸು.

ಜ್ಯೂಲಿಯೆನ್ನನ ನಿಜವಾದ ಸಾಹಸ ಬೇರೆ. ಚೀನೀ ಬರೆಹದಲ್ಲಿ ನಮ್ಮ ಕಾಗುಣಿತದಂಥದು ಇಲ್ಲ. ಒಂದೊಂದು ಚಿಹ್ನೆಯೂ ಒಂದೊಂದು ಮಾತು. 1716ರ ಕಾಂಗ್‌ಷಿ ನಿಘಂಟಿನಲ್ಲಿ ಅಂಥ ಚಿಹ್ನೆಗಳು ಸುಮಾರು 47,000. ಅವನ್ನು 214 ಮೂಲಚಿಹ್ನೆಗಳ ಕೆಳಗೆ ವಿಂಗಡಿಸಿದ್ದಾರೆ. ಇಂಥ ಲಿಪಿಯಲ್ಲಿ ಪರದೇಶದ ಹೆಸರನ್ನು ಬರೆಯಬೇಕಾದರೆ ಅರ್ಥವನ್ನು ಪಕ್ಕಕ್ಕಿಟ್ಟು ಸದ್ದು ಹೊಂದುವ ಚಿಹ್ನೆಗಳನ್ನು ಸಾಲಾಗಿ ನಿಲ್ಲಿಸಬೇಕು. ಪುಲಕೇಶಿಯ ಹೆಸರನ್ನು ಬರೆದ ನಾಲ್ಕು ಚಿಹ್ನೆಗಳ ಅರ್ಥ ಅನುಕ್ರಮವಾಗಿ ತೇಪೆ ಹಾಕು, ಬಲೆ, ಪರೀಕ್ಷಿಸು, ಮನೆ. ಇವನ್ನು ಮಾತುಗಳೆಂದು ಓದಿದರೆ ಚಾಲುಕ್ಯ ಚಕ್ರವರ್ತಿಯ ಬದಲು ಬೆಸ್ತನ ಗುಡಿಸಲು ಕಂಡೀತು! ಯಾವ ಚಿಹ್ನೆ ಎಲ್ಲಿ ಅರ್ಥಕ್ಕಾಗಿ ನಿಂತಿದೆ, ಎಲ್ಲಿ ಬರಿಯ ಸದ್ದಿಗಾಗಿ ನಿಂತಿದೆ ಎಂಬುದನ್ನು ಬೌದ್ಧಗ್ರಂಥಗಳ ಸಾವಿರಾರು ಸಂಸ್ಕೃತ ಪದಗಳೊಡನೆ ತಾಳೆ ನೋಡಿ ಜ್ಯೂಲಿಯೆನ್ ಒಂದು ಕೋಷ್ಟಕವನ್ನೇ ಸಿದ್ಧಪಡಿಸಿ 1861ರಲ್ಲಿ ಅಚ್ಚುಮಾಡಿಸಿದ. ಶಾಸನಗಳ ಮುಂದೆ ಭೂತಗನ್ನಡಿ ಹಿಡಿದು ಕುಳಿತವರಿಗೆ ಈ ಕೆಲಸದ ಬೆಲೆ ಗೊತ್ತು.

ಅನುವಾದಗಳಿದ್ದ ಮೇಲೆ ಮೂಲ ಯಾಕೆ ಎನ್ನುವವರುಂಟು. ಅವರಿಗೆ ನಾನು ಕೊಂಕಣಪುರವನ್ನು ತೋರಿಸುತ್ತೇನೆ. ದ್ರಾವಿಡದೇಶವನ್ನು ಬಿಟ್ಟು 2,000 ಲೀ ದೂರ ನಡೆದ ಮೇಲೆ ಯಾತ್ರಿಕ ಈ ನಾಡಿಗೆ ಬಂದನಂತೆ. ಲೀ ಎಂಬುದು ಚೀನೀಯರ ದೂರದ ಅಳತೆ. ಊರ ಉತ್ತರಕ್ಕೆ ತಾಳೆಯ ಕಾಡು; ಅದರ ಓಲೆಯನ್ನು ಎಲ್ಲ ದೇಶದವರೂ ಬರೆಯಲು ಬಳಸುತ್ತಿದ್ದರು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ಇದಕ್ಕಿಂತ ಮನಸ್ಸನ್ನು ಹಿಡಿಯುವ ಸುದ್ದಿ ಇನ್ನೇನು ಬೇಕು? ಆದರೆ ಆ ಊರು ಯಾವುದು? ವಿವಿಯೆನ್ ದ ಸೇಂಟ್ ಮಾರ್ಟಿನ್ ಬನವಾಸಿ ಎಂದ, ಕನ್ನಿಂಗ್‌ಹ್ಯಾಂ ಆನೆಗೊಂದಿ ಎಂದ. ತೊಡಕಿನ ಬೇರು ಎಲ್ಲಿದೆ ನೋಡಿ: ಪ್ರವಾಸಕಥನದಲ್ಲಿ ಅವನು ಹೋದದ್ದು ಉತ್ತರಕ್ಕೆ, ಶಿಷ್ಯರು ಬರೆದ ಜೀವನಚರಿತ್ರೆಯಲ್ಲಿ ವಾಯವ್ಯಕ್ಕೆ. ಒಂದು ದಿಕ್ಕಿನ ಮಾತಿನ ಮೇಲೆ ಬನವಾಸಿ, ಆನೆಗೊಂದಿಗಳು ತೂಗುತ್ತಿವೆ. ಯಾವ ಪಾಠ ಹಳೆಯದು, ಯಾವುದು ಲಿಪಿಕಾರನ ಕೈತಪ್ಪು ಎಂದು ತೂಗಿನೋಡುವ ಕೆಲಸವನ್ನು ಪಂಪನ ವಿಷಯದಲ್ಲಿ ನಾವು ಯಾರಿಗೂ ಬಿಟ್ಟುಕೊಡುವವರಲ್ಲ. ಇಲ್ಲಿ ಮಾತ್ರ ಕೈಕಟ್ಟಿ ಕುಳಿತಿದ್ದೇವೆ.

ಚೀನೀಯೊಡನೆ ಜಪಾನೀ ಭಾಷೆಯೂ ಬೇಕೆಂಬುದು ನನಗೆ ತಡವಾಗಿ ಹೊಳೆದ ಸಂಗತಿ. ಜಪಾನೀಯರು ಚೀನೀ ಲಿಪಿಯನ್ನು ತಂದುಕೊಂಡು ಒಂದೇ ಚಿಹ್ನೆಯನ್ನು ಎರಡು ಬಗೆಯಾಗಿ ಓದುತ್ತಾರೆ. ಬೆಟ್ಟದ ಚಿಹ್ನೆಗೆ ಚೀನೀ ಮೂಲದ ಓದು ‘ಸನ್’, ಅಚ್ಚ ಜಪಾನೀ ಓದು ‘ಯಮ’. ನಾವು ‘ಗಿರಿ’ ಎಂದು ಬರೆದು ಒಮ್ಮೆ ಗಿರಿ ಎಂದೂ ಒಮ್ಮೆ ಬೆಟ್ಟ ಎಂದೂ ಓದಿದ ಹಾಗೆ. ಚೀನೀ ವಾಕ್ಯದಲ್ಲಿ ಕ್ರಿಯಾಪದ ಕರ್ಮಕ್ಕಿಂತ ಮೊದಲು. ಜಪಾನೀಯಲ್ಲಿ ನಮ್ಮ ಹಾಗೆ ಕೊನೆಗೆ. ಆದುದರಿಂದ ಅವರ ಪಂಡಿತರು ಚೀನೀ ಗ್ರಂಥದ ಸಾಲಿನ ಪಕ್ಕದಲ್ಲಿ ಸಣ್ಣ ಗುರುತುಗಳನ್ನು ಹಾಕಿಕೊಂಡು, ನಮ್ಮ ಶಾಸ್ತ್ರಿಗಳು ಶ್ಲೋಕಕ್ಕೆ ಅನ್ವಯ ಹೇಳುವಂತೆ, ಪದಗಳನ್ನು ಹಿಂದುಮುಂದು ಮಾಡಿ ತಮ್ಮ ಭಾಷೆಯಲ್ಲೇ ಓದಿಬಿಡುತ್ತಿದ್ದರು. ಅವರ ಅಕ್ಷರಮಾಲೆಯ ಕ್ರಮ ಕೇಳಿದಾಗ ನಾನು ಬೆರಗಾದೆ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಭಿಕ್ಷುಗಳ ಸಂಸ್ಕೃತ ವರ್ಣಮಾಲೆಯ ಅಭ್ಯಾಸದಿಂದ ಬಂದ ಕ್ರಮ ಅದು. ಪ ಇರಬೇಕಾದ ಸ್ಥಾನದಲ್ಲಿ ಹ ಇದೆಯೆಂಬುದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಈ ಜಪಾನೀಯರು ಸಂಸ್ಕೃತ ಕಲಿಯಲು ಹೋದದ್ದೂ ಯೂರೋಪಿಗೇ. ನಾಂಜಿಯೋ ಬುನ್ಯೂ, ಕಸಾಹರಾ ಕೆಂಜು ಎಂಬ ಇಬ್ಬರು ತರುಣ ಭಿಕ್ಷುಗಳು 1876ರಲ್ಲಿ ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನಲ್ಲಿ ಮ್ಯಾಕ್ಸ್ ಮುಲ್ಲರನ ಶಿಷ್ಯರಾದರು. ಕಸಾಹರಾ ಕ್ಷಯದಿಂದ ನರಳಿ ಊರಿಗೆ ಮರಳಿ 1883ರಲ್ಲಿ ತೀರಿಕೊಂಡ. ಅದೇ ವರ್ಷ ನಾಂಜಿಯೋ ಚೀನೀ ತ್ರಿಪಿಟಕದ 1,662 ಗ್ರಂಥಗಳ ಸೂಚಿಯನ್ನು ಹೊರತಂದ. ಅವನ ಅನಂತರ ಮುಲ್ಲರನಲ್ಲಿಯೇ ಓದಿದ ತಕಾಕುಸು ಜುಂಜಿರೋ ಮತ್ತು ಸಂಗಡಿಗರು 1924ರಿಂದ 1934ರವರೆಗೆ ಟೋಕಿಯೋದಲ್ಲಿ ಆ ತ್ರಿಪಿಟಕವನ್ನೇ ನೂರು ಸಂಪುಟಗಳಲ್ಲಿ ಮುದ್ರಿಸಿದರು. ನಮ್ಮ ಯಾತ್ರಿಕನ ಪುಸ್ತಕ ಅದರ 51ನೆಯ ಸಂಪುಟದಲ್ಲಿದೆ.

ನಮ್ಮಲ್ಲಿ ಈ ವ್ಯಾಸಂಗಕ್ಕೆ ನೆಲೆ ಒದಗಿಸಿದವರು ರವೀಂದ್ರನಾಥ ಠಾಕೂರರು. ವಿಶ್ವಭಾರತಿಗೆ ಮೊದಲ ಅತಿಥಿ ಪ್ರಾಧ್ಯಾಪಕರಾಗಿ 1921ರಲ್ಲಿ ಸಿಲ್ವೇನ್ ಲೆವಿ ಬಂದರು. ಬಂದದ್ದು ರೆಮ್ಯೂಸಾ ಪಾಠ ಹೇಳಿದ್ದ ಅದೇ ಕೊಲೆಜ್ ದ ಫ್ರಾನ್ಸಿನಿಂದ. ಅವರಲ್ಲಿ ಕಲಿತ ಪ್ರಬೋಧಚಂದ್ರ ಬಾಗಚಿ ಮುಂದೆ ಪ್ಯಾರಿಸ್ಸಿಗೆ ಹೋಗಿ ಡಾಕ್ಟರೇಟ್ ಪಡೆದು, ಚೀನೀ ತ್ರಿಪಿಟಕದ ಅನುವಾದಕರ ಚರಿತ್ರೆಯನ್ನು 1927 ಮತ್ತು 1938ರಲ್ಲಿ ಎರಡು ಸಂಪುಟಗಳಾಗಿ ಬರೆದರು. ಬರೆದದ್ದು ಫ್ರೆಂಚಿನಲ್ಲಿ! ಭಾರತದ ಗ್ರಂಥಗಳು ಚೀನೀಯಲ್ಲಿ ಬದುಕಿದ ಕಥೆಯನ್ನು ಭಾರತೀಯನೊಬ್ಬ ಫ್ರೆಂಚ್ ಓದುಗರಿಗೆ ಹೇಳಬೇಕಾಯಿತು. ಇಲ್ಲಿ ಕೇಳುವವರು ಎಷ್ಟು ಜನ ಇದ್ದರು? ಠಾಕೂರರು 1927ರಲ್ಲಿ ಸಿಂಗಪುರದಲ್ಲಿ ಕಂಡು ಕರೆದ ತಾನ್ ಯುನ್‌ಶಾನ್ ಮರುವರ್ಷವೇ ಶಾಂತಿನಿಕೇತನಕ್ಕೆ ಬಂದರು. ಬಳಿಕ ಚೀನಾಕ್ಕೆ ಹೋಗಿ ಹಣವನ್ನೂ ಪುಸ್ತಕಗಳನ್ನೂ ಕೂಡಿಸಿ ತಂದರು. 1937ರ ಏಪ್ರಿಲ್ 14ರಂದು ಚೀನಾಭವನ ತೆರೆಯಿತು. ಭಾರತದಲ್ಲಿ ಮೂಲ ನಷ್ಟವಾಗಿದ್ದ ಹರಿವರ್ಮನ ‘ಸತ್ಯಸಿದ್ಧಿಶಾಸ್ತ್ರ’ವನ್ನು ಕುಮಾರಜೀವನ ಚೀನೀ ಅನುವಾದದಿಂದ ಮತ್ತೆ ಸಂಸ್ಕೃತಕ್ಕೆ ತಂದ ಎನ್. ಅಯ್ಯಾಸ್ವಾಮಿ ಶಾಸ್ತ್ರಿಗಳು ವಿಶ್ವಭಾರತಿಯಲ್ಲಿ ದುಡಿದವರು. ಆ ಗ್ರಂಥ ಬರೋಡದ ಮಾಲೆಯಲ್ಲಿ 1975ರಲ್ಲಿ ಅಚ್ಚಾಗತೊಡಗಿತು. ನಮ್ಮ ಮೈಸೂರಿನ ಎಚ್. ಆರ್. ರಂಗಸ್ವಾಮಿ ಅಯ್ಯಂಗಾರ್ಯರು 1930ರಲ್ಲಿ ದಿಙ್ನಾಗನ ‘ಪ್ರಮಾಣಸಮುಚ್ಚಯ’ದ ಮೊದಲ ಪರಿಚ್ಛೇದವನ್ನು ಟಿಬೆಟನ್ನಿನಿಂದ ಸಂಸ್ಕೃತಕ್ಕೆ ತಂದದ್ದನ್ನು ಇಲ್ಲಿ ನೆನೆಯಬೇಕು. ಆ ದಾರಿ ನಮಗೆ ಗೊತ್ತಿಲ್ಲದ್ದೇನೂ ಆಗಿರಲಿಲ್ಲ.

1962ರ ಯುದ್ಧ ಬಂತು. ಕಲ್ಕತ್ತ, ಅಸ್ಸಾಮುಗಳ ಚೀನೀ ಕುಟುಂಬಗಳನ್ನು ರಾಜಸ್ಥಾನದ ದೇವಲಿಯ ಶಿಬಿರಕ್ಕೆ ಒಯ್ದರು. ಚೀನೀ ಕಲಿಯುವುದೆಂದರೆ ಶತ್ರುವಿನ ಭಾಷೆ ಕಲಿಯುವುದೆಂದಾಯಿತು. 1964ರಲ್ಲಿ ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನದ ಕೇಂದ್ರ ಆರಂಭವಾದದ್ದು ಈ ನೆರಳಿನಲ್ಲಿಯೇ. ಶತ್ರುವನ್ನು ಅರಿಯಲು ಕಲಿತರೆ ತಪ್ಪೇನಲ್ಲ. ಆದರೆ ಹಾಗೆ ಕಲಿಯಹೊರಟವನಿಗೆ ಏಳನೆಯ ಶತಮಾನದ ತಾಳೆಯ ಕಾಡು ಯಾತಕ್ಕೆ ಬೇಕು? ತಾನ್ ಯುನ್‌ಶಾನ್ ಈ ದೇಶವನ್ನು ಬಿಡಲಿಲ್ಲ. 1967ರಲ್ಲಿ ನಿವೃತ್ತರಾಗಿ, ಬೋಧಗಯೆಯಲ್ಲಿ 1983ರಲ್ಲಿ ತೀರಿಕೊಂಡರು.

ನಿವೃತ್ತಿಯಾದ ಮೇಲೆ ನಾನೊಮ್ಮೆ ಶಾಂತಿನಿಕೇತನಕ್ಕೆ ಹೋಗಿದ್ದೆ. ಚೀನಾಭವನದಲ್ಲಿ ನಂದಲಾಲ ಬೋಸರ, ವಿನೋದವಿಹಾರಿ ಮುಖರ್ಜಿಯವರ ಭಿತ್ತಿಚಿತ್ರಗಳನ್ನು ನೋಡಿ, ಅಲ್ಲಿದ್ದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳಲ್ಲಿ ನನ್ನ ಹಳೆಯ ಪ್ರಶ್ನೆಯನ್ನು ಮುಂದಿಟ್ಟೆ. ಆಕೆ 51ನೆಯ ಸಂಪುಟವನ್ನು ತೆರೆದು, ಮೇಲಿನಿಂದ ಕೆಳಕ್ಕೆ ಬೆರಳಾಡಿಸಿ, ಹತ್ತು ನಿಮಿಷದಲ್ಲಿ ಆ ಜಾಗವನ್ನು ಹಿಡಿದಳು. “ಬು-ಲುವೊ-ಜಿ-ಷ” ಎಂದು ಓದಿದಳು. ನನ್ನ ಮುಖ ಸಪ್ಪಗಾದದ್ದನ್ನು ಕಂಡು, “ಇದು ಇಂದಿನ ಓದು ಸರ್, ಅಂದಿನದು ಬೇರೆ” ಎಂದು ನಕ್ಕು, ಜಪಾನೀ ಬಲ್ಲ ಗೆಳೆಯನನ್ನು ಕರೆದಳು. ವಿಶ್ವಭಾರತಿಯಲ್ಲಿ 1994ರಿಂದ ಜಪಾನೀ ವ್ಯಾಸಂಗಕ್ಕೆ ನಿಪ್ಪೊನ್ ಭವನವೂ ಇದೆ. ಅವನು ಅದೇ ನಾಲ್ಕು ಚಿಹ್ನೆಗಳನ್ನು ನೋಡಿ, ತಡೆಯದೆ, “ಹೊ-ರ-ಕೇ-ಶ” ಎಂದ.

ಮೈ ಜುಮ್ಮೆಂದಿತು. ಜಪಾನೀಯರು ಚೀನೀ ಚಿಹ್ನೆಗಳೊಡನೆ ಆ ಕಾಲದ ಚೀನೀ ಉಚ್ಚಾರವನ್ನೂ ತಮ್ಮ ನಾಲಗೆಗೆ ಹೊಂದಿಸಿ ತೆಗೆದುಕೊಂಡು ಹೋಗಿದ್ದರು. ಚೀನಾದಲ್ಲಿ ಸವೆದದ್ದು ಅಲ್ಲಿ ಎಷ್ಟೋ ಉಳಿದಿದೆ. ಸ್ವೀಡನ್ನಿನ ಬರ್ನ್‌ಹಾರ್ಡ್ ಕಾರ್ಲ್‌ಗ್ರೆನ್ ಹಳೆಯ ಚೀನೀ ಉಚ್ಚಾರವನ್ನು ಪುನಾರಚಿಸುವಾಗ 601ರ ಪ್ರಾಸಕೋಶದ ಜೊತೆಗೆ ಈ ಜಪಾನೀ ಓದುಗಳನ್ನೂ ಬಳಸಿಕೊಂಡ. ಜಪಾನೀಯಲ್ಲಿ ಇಂದು ಹಕಾರವಿರುವಲ್ಲಿ ಹಿಂದೆ ಇದ್ದದ್ದು ಪಕಾರ. ಪಾಲು ಹಾಲಾದ, ಪೂ ಹೂವಾದ ಭಾಷೆಯನ್ನು ಆಡುವ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಹಕಾರವನ್ನು ಪಕಾರ ಮಾಡಿ, ಚೀನೀಯರು ರ-ಲ ಎರಡಕ್ಕೂ ಒಂದೇ ಚಿಹ್ನೆಯನ್ನು ಬಳಸುತ್ತಿದ್ದರೆಂಬುದನ್ನು ಸೇರಿಸಿಕೊಂಡರೆ, ಪೊಲಕೇಶ ಅಥವಾ ಪುಲಕೇಶ ಎಂದು ಕೇಳಿಸುತ್ತದೆ. ಮೊದಲ ಚಿಹ್ನೆ ಪು, ಪೊ ಎರಡಕ್ಕೂ ಒದಗೀತು. ಎರಡನೆಯದು ಮಾತ್ರ ಲ, ಲಿ ಅಲ್ಲ. ಯಾತ್ರಿಕನ ಕಿವಿಗೆ ಹುಲಿ ಬಿದ್ದಂತೆ ಕಾಣುವುದಿಲ್ಲ. ಇದೊಂದೇ ಪ್ರಮಾಣವೆಂದು ನಾನು ಹಟ ಹಿಡಿಯುವುದಿಲ್ಲ: ಅವನು ಸಂಸ್ಕೃತ ಬಲ್ಲವನು, ಪರಿಚಿತವಾದ ‘ಕೇಶ’ ಶಬ್ದಕ್ಕೆ ಕೊನೆಯನ್ನು ಹೊಂದಿಸಿಕೊಂಡಿದ್ದರೂ ಇರಬಹುದು, ಹೆಸರನ್ನು ಸಂಸ್ಕೃತ ಬಲ್ಲ ಭಿಕ್ಷುಗಳ ಬಾಯಿಂದ ಕೇಳಿದ್ದರೂ ಇರಬಹುದು. ಚರ್ಚೆ ಅಲ್ಲಿಂದ ಮುಂದಕ್ಕೆ ನಡೆಯಬೇಕು. ನಡೆಸಬಲ್ಲವರು ಎರಡೂ ಕಡೆಯ ಭಾಷೆಗಳನ್ನು ಬಲ್ಲವರಾಗಿರಬೇಕು.

ಅಂದು ಪ್ರಶ್ನೆ ಕೇಳಿದ ಹುಡುಗ ಈಗ ಪ್ರೌಢಶಾಲೆಯೊಂದರಲ್ಲಿ ಉಪಾಧ್ಯಾಯ. ವಿಳಾಸವನ್ನು ಹುಡುಕಿ, ಆಕೆ ಬರೆದುಕೊಟ್ಟ ಚೀಟಿಯನ್ನು ಮುಂದಿಟ್ಟುಕೊಂಡು, ಒಂದು ಕಾರ್ಡಿನ ಮೇಲೆ ಆ ನಾಲ್ಕು ಚಿಹ್ನೆಗಳನ್ನು ಒಂದು ಸಂಜೆಯೆಲ್ಲ ಕುಳಿತು ಬರೆದೆ. ಕೆಳಗೆ, ‘ಹೀಗೆ ಬರೆದಿದ್ದಾನಪ್ಪ’ ಎಂದಷ್ಟೇ ಸೇರಿಸಿದೆ. ‘ಬಲೆ’ಯಲ್ಲಿ ಒಂದು ಗೆರೆ ಬಿಟ್ಟುಹೋಗಿತ್ತೆಂಬುದು ಕಾರ್ಡನ್ನು ಅಂಚೆಪೆಟ್ಟಿಗೆಗೆ ಹಾಕಿ ಮನೆಗೆ ಬಂದ ಮೇಲೆ ತಿಳಿಯಿತು.