ಔಡಲೆಣ್ಣಿಯಿಂದ ಗಾಡಿ ಎಣ್ಣಿ ತನಕ

ಕೂಸಿನ ನೆತ್ತಿಗೆ ತಟ್ಟೋ ಔಡಲೆಣ್ಣಿನ ಒಂದು ಕಾಲಕ್ಕ ವಿಮಾನದ ಇಂಜಿನ್ನಿಗೂ ಹಾಕತಿದ್ರು ಅಂದ್ರ ನಂಬ್ತೀರೇನ್ರೀ ಅಕ್ಕಾರ? 1909ರಾಗ ಇಂಗ್ಲೆಂಡಿನ ವೇಕ್‌ಫೀಲ್ಡ್ ಕಂಪನಿ ಇದನ್ನ ಬೆರಸಿದ ಎಣ್ಣಿಗೆ ಕ್ಯಾಸ್ಟ್ರಾಲ್ ಅಂತ ಹೆಸರಿಟ್ಟಿತು. ಕ್ಯಾಸ್ಟರ್ ಆಯಿಲ್ ಅಂದ್ರ ನಮ್ಮ ಔಡಲೆಣ್ಣಿನ. ಮೊದಲನೇ ಮಹಾಯುದ್ಧದ ಎಷ್ಟೋ ವಿಮಾನದಾಗ ಅದು ಪೈಲಟ್ ಮಾರಿಗೇ ಸಿಡೀತಿತ್ತು! ಬದಲಿ ಮಾಡೋ ಮಾತೇ ಇಲ್ಲ, ಒಮ್ಮೆ ಓಡಿದ ಎಣ್ಣಿ ಹೊರಗ. ಆದ್ರ ಕಾದು ಕಾದು ಜಿಗಟ ಆಗತಿತ್ತು, ಭಜಿ ಕರಿಯೋ ಬಾಣಲಿ ಅಂಚಿನಂಗ. ಮುಂದ ಖನಿಜ ಎಣ್ಣಿನ ನಡೀತು.

1911ರಾಗ ಅಮೆರಿಕದ ಎಸ್‌ಎಇ ಸಂಸ್ಥೆ ಎಣ್ಣಿ ದಪ್ಪ ಅಳಿಯೋ ಲೆಕ್ಕ ತಂತು. ಇವತ್ತಿನ ಡಬ್ಬಿ ಮ್ಯಾಲಿನ 10ಡಬ್ಲ್ಯು-30 ಅದರ ಸಂತಾನ: ಡಬ್ಲ್ಯು ಅಂದ್ರ ವಿಂಟರ್, ಥಂಡ್ಯಾಗಿನ ಲೆಕ್ಕ, 30 ಕಾದಾಗಿನದು. ‘ದಪ್ಪ ಇದ್ದಷ್ಟು ಚಲೋ’ ಅನ್ನೋದು ನನಗ ಒಪ್ಪಂಗಿಲ್ಲ, ಗಾಡಿ ಪುಸ್ತಕದಾಗಿನ ನಂಬರೇ ಕೇಳ್ರಿ. ಸಂತಿ, ಸಾಲಿ ಅಂತ ಸನೇದಾಗ ತಿರುಗೋ ಗಾಡಿ ಪೂರ್ತಿ ಕಾಯಂಗಿಲ್ಲ. ಎಣ್ಣ್ಯಾಗ ನೀರು, ಪೆಟ್ರೋಲ್ ಕೂಡತಾವ. ಕಿಲೋಮೀಟರ್ ಆಗದಿದ್ರೂ ಪುಸ್ತಕದಾಗ ಬರದ ತಿಂಗಳು ತುಂಬಿದ ಕೂಡ್ಲೆ ಬದಲಿಸ್ರಿ.